ಮಾರ್ತಾಂಡರಾಯರು ತಂದ ಮನುಷ್ಯ

ಗದಗಿನ ಪೇಟೆಯಲ್ಲಿ ನನ್ನನ್ನು ‘ಮುನೀಮರ ದಲಾಲ’ ಎಂದು ಕರೆಯುತ್ತಿದ್ದರು. ಕರೆಯಲಿ. ಹತ್ತಿಗೆ ದಲಾಲ, ಶೇಂಗಾಕ್ಕೆ ದಲಾಲ, ಎತ್ತಿಗೆ ದಲಾಲ ಇರುವ ಊರಲ್ಲಿ ಮನುಷ್ಯನಿಗೊಬ್ಬ ದಲಾಲ ಇದ್ದರೆ ಏನು ತಪ್ಪು? ಒಂದು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಬಂಡಿಗೆ ಹೂಡಿ ನಡೆಸಿ ನೋಡುತ್ತಾರೆ. ಊರಿನ ಎಷ್ಟೋ ಮನೆಗಳ ಒಲೆ ಯಾರ ಕೈಯಲ್ಲಿ ಇರುತ್ತದೆಯೋ ಅಂಥ ಮ್ಯಾನೇಜರನನ್ನು ಆರಿಸುವಾಗ ಮಾತ್ರ ಇವರು ಕೇಳುವುದು ಒಂದೇ ಪ್ರಶ್ನೆ: ‘ಯಾರ ಪೈಕಿ?’ ಹೆಂಡತಿಯ ತಮ್ಮನೋ, ಅಕ್ಕನ ಮಗನೋ ಆದರೆ ಮುಗಿಯಿತು, ಕುರ್ಚಿ ಅವನದು. ಇದನ್ನು ನೆನೆಸಿಕೊಂಡರೆ ಇಂದಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ಮಾರ್ತಾಂಡ. ಊರು ಶಿರಹಟ್ಟಿ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದಾಗ ಅಲ್ಲಿಯ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಸ್ವಾತಂತ್ರ್ಯ ಬಂತು, ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿಹೋಯಿತು. ಇನ್ನೂ ಪ್ರಾಯವಿದ್ದವರಿಗೆ ಹೊಸ ಸರಕಾರದಲ್ಲಿ ಜಾಗ ಸಿಕ್ಕಿತು, ನನ್ನಂಥವರಿಗೆ ಹಾರ ಹಾಕಿ ಮನೆಗೆ ಕಳಿಸಿದರು. ಹೆಂಡತಿ ಕಮಲಾಬಾಯಿಯನ್ನೂ ಮಗ ರಾಘವೇಂದ್ರನನ್ನೂ ಕರೆದುಕೊಂಡು ಗದಗಿಗೆ ಬಂದೆ. ಕೈಯಲ್ಲಿದ್ದ ಬಂಡವಾಳ ಒಂದೇ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ಯಾರು ಕೆಲಸದವರು, ಯಾರು ಬರೀ ಪಗಡಿಯವರು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮುಂಡರಗಿಯ ಒಬ್ಬ ಎಣ್ಣೆ ಗಿರಣಿಯವರಿಗೆ ಒಳ್ಳೆಯ ಮ್ಯಾನೇಜರ ಬೇಕಾಗಿದ್ದ, ಹುಡುಕಿಕೊಟ್ಟೆ. ಅವರನ್ನು ನೋಡಿ ಗದಗಿನ ಅಡತಿ ಅಂಗಡಿಯವರು ಬಂದರು. ಹಾಗೆ ಶುರುವಾಯಿತು.

ನನ್ನ ಪದ್ಧತಿಯೇ ಬೇರೆ. ಒಬ್ಬ ಮನುಷ್ಯನ ಬಗ್ಗೆ ನಾನು ಅವನ ಧಣಿಯನ್ನು ಎಂದೂ ಕೇಳುವುದಿಲ್ಲ. ಕೆಟ್ಟವನಾಗಿದ್ದರೆ ಸಾಗಹಾಕಿದರೆ ಸಾಕೆಂದು ಧಣಿ ಹೊಗಳುತ್ತಾನೆ. ಒಳ್ಳೆಯವನಾಗಿದ್ದರೆ ಬಿಟ್ಟುಕೊಡಲು ಮನಸ್ಸಿಲ್ಲದೆ ತೆಗಳುತ್ತಾನೆ. ನಾನು ಹುಡುಕಿಕೊಂಡು ಹೋಗುವುದು ಆ ಮನುಷ್ಯ ಕೆಲಸದಿಂದ ತೆಗೆದುಹಾಕಿದವನನ್ನು. ಅವನ ಮನೆಯ ಕಟ್ಟೆಯ ಮೇಲೆ ಕೂತು, ಅವನು ಬೈಯುವುದನ್ನು ಪೂರ್ತಿ ಕೇಳುತ್ತೇನೆ. ಮನುಷ್ಯ ಹೊಗಳುವಾಗ ಸುಳ್ಳು ಹೇಳಬಹುದು, ಸಿಟ್ಟಿನಲ್ಲಿ ಬೈಯುವಾಗ ಎಲ್ಲೋ ಒಂದು ಕಡೆ ಖರೆ ಬಾಯಿಂದ ಜಾರುತ್ತದೆ. ಇದರಿಂದ ಪೇಟೆಯಲ್ಲಿ ನನ್ನದೊಂದು ಹೆಸರಾಯಿತು. ‘ಮಾರ್ತಾಂಡರಾಯರು ತಂದ ಮನಶ್ಯಾ’ ಎಂದರೆ ಮತ್ತೆ ಯಾರೂ ತಿರುಗಿ ಕೇಳುತ್ತಿರಲಿಲ್ಲ.

ಆ ಕಾಲಕ್ಕೆ ಬೆಟಗೇರಿಯಲ್ಲಿ ನೇಕಾರರದೊಂದು ಸಂಘವಿತ್ತು. ನೂಲಿಗೆ ಕಂಟ್ರೋಲು ಇತ್ತು. ಸಂಘಕ್ಕೆ ಗೊತ್ತುಮಾಡಿದ ನೂಲು ರೈಲಿನಲ್ಲಿ ಗದಗ ಸ್ಟೇಷನ್ನಿಗೆ ಬರುತ್ತಿತ್ತು. ಅದನ್ನು ಹೊತ್ತಿಗೆ ಸರಿಯಾಗಿ ಇಳಿಸಿಕೊಳ್ಳಬೇಕು, ನೆನೆಯದಂತೆ ಕಾಯಬೇಕು, ಮಗ್ಗಕ್ಕೆ ತಕ್ಕಂತೆ ಹಂಚಬೇಕು. ಮ್ಯಾನೇಜರನ ಕೆಲಸ ಇಷ್ಟೇ. ಇಷ್ಟು ಕೆಲಸಕ್ಕೆ ಮೂವರು ಬಂದು ಮೂವರೂ ಕೆಡಿಸಿಟ್ಟು ಹೋದರು.

ಮೊದಲನೆಯವನು ಸಂಘದ ಆಡಳಿತ ನೋಡುವ ಪಂಚರಲ್ಲಿ ಒಬ್ಬರ ಅಳಿಯ, ಬಿ.ಎ. ಓದಿದವನು. ಸ್ಟೇಷನ್ನಿನ ಧೂಳಿನಲ್ಲಿ ನಿಲ್ಲುವುದು ಅವನ ಡಿಗ್ರಿಗೆ ಅವಮಾನ. ಅವನು ಕುರ್ಚಿಯಲ್ಲಿ ಕೂತೇ ಇದ್ದ, ನೂಲು ಮಳೆಯಲ್ಲಿ ನೆನೆದು ಮುಗ್ಗು ಹಿಡಿಯಿತು. ಎರಡನೆಯವರು ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. ಅವರ ತ್ಯಾಗಕ್ಕೆ ಕೈಮುಗಿಯುತ್ತೇನೆ. ಆದರೆ ಜೈಲಿಗೆ ಹೋಗಿ ಬಂದದ್ದಕ್ಕೆ ನೂಲು ಹಂಚುವ ಕುರ್ಚಿ ಬಹುಮಾನವೇ? ತೀರ ಮೆತ್ತಗಿನ ಮನಸ್ಸು ಅವರದು. ಯಾರು ಮೊದಲು ಬಂದು ಕಣ್ಣೀರು ಹಾಕಿದರೋ ಅವರಿಗೇ ನೂಲು. ಅಳಲು ಬಾರದವರ ಮಗ್ಗಗಳು ನಿಂತುಹೋದವು. ಮೂರನೆಯವನು ಸಂಘದ ಚೇರಮನ್ ಹೊಳೆಯಪ್ಪ ಸಾವಕಾರರ ಹೆಂಡತಿಯ ತಮ್ಮ. ಅವನ ಕಾಲದಲ್ಲಿ ಸ್ಟೇಷನ್ನಿನಿಂದ ಹೊರಟ ನೂಲಿನಲ್ಲಿ ಅರ್ಧ ಸಂಘಕ್ಕೆ ಬಂತು, ಇನ್ನರ್ಧ ದಾರಿಯಲ್ಲೇ ಯಾವ ಹಿತ್ತಲ ಬಾಗಿಲಿಗೆ ಹೋಯಿತೋ ಆ ದೇವರಿಗೇ ಗೊತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ನೇಕಾರರು ಒಂದು ಮುಂಜಾನೆ ಬಂದು ಸಂಘದ ಬಾಗಿಲಿಗೆ ಅಡ್ಡ ಕೂತರು. ಅವರಲ್ಲಿ ಮುಂದೆ ನಿಂತು ಮಾತಾಡಿದವಳು ಶಂಕ್ರೆವ್ವ. ಗಂಡ ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಎರಡು ಮಗ್ಗ ನಡೆಸುತ್ತಿದ್ದ ಗಟ್ಟಿ ಹೆಂಗಸು. ಅವಳು ಚೇರಮನ್ನರಿಗೆ ನೇರವಾಗಿ ಹೇಳಿದಳು:

“ಸಾವಕಾರ್ರ, ನಿಮ್ಮ ಬೀಗರನ್ನ ಸಾಕಾಕ ನಾವು ಈ ಸಂಘಾ ಕಟ್ಟಿಲ್ರಿ. ನನ್ನ ಮನ್ಯಾಗ ಎರಡೂ ಮಗ್ಗ ಖಾಲಿ ನಿಂತಾವು. ಮಕ್ಕಳು ಬಿಂಕದಕಟ್ಟಿಗೆ ಹೊಲದ ಕೂಲಿಗೆ ಹೊಕ್ಕಾರ. ಲಾಳಿ ಹಿಡಿಯೂ ಕೈಯಾಗ ಕುಡಗೋಲ ಬಂದೈತಿ. ಈ ಸಲ ಮಾರ್ತಾಂಡರಾಯರು ತಂದ ಮನಶ್ಯಾ ಆದ್ರ ಇರತೇವಿ. ಇಲ್ಲಾಂದ್ರ ಎಲ್ಲಾರೂ ಸಂಘಾ ಬಿಡತೇವಿ.”

ನೇಕಾರರೇ ಬಿಟ್ಟರೆ ಹೊಳೆಯಪ್ಪ ಯಾವುದಕ್ಕೆ ಚೇರಮನ್? ಅದೇ ದಿನ ನನಗೆ ಕರೆ ಬಂತು. ಈ ಸಲ ಪಂಚರಿಗೆ ಬುದ್ಧಿ ಬಂತೆಂದು ನಾನೂ ಹುಚ್ಚನಂತೆ ಹಿಗ್ಗಿದೆ.

ಲಕ್ಷ್ಮೇಶ್ವರದಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಸಣ್ಣ ಜಿನ್ನಿನಲ್ಲಿ ಅಡರಕಟ್ಟಿಯ ಗವಿಸಿದ್ದಪ್ಪ ಎನ್ನುವವನು ಮ್ಯಾನೇಜರನಾಗಿದ್ದ. ಧಣಿಯ ಮಕ್ಕಳು ದೊಡ್ಡವರಾಗಿ ಅವನ ಕುರ್ಚಿಯ ಮೇಲೆ ಕಣ್ಣು ಹಾಕಿದ್ದಾರೆ, ಅವನು ಹೊರಬೀಳುವ ವಿಚಾರದಲ್ಲಿದ್ದಾನೆ ಎಂಬ ಖಬರು ನನ್ನ ಕಿವಿಗೆ ಬಿದ್ದಿತ್ತು. ಲಕ್ಷ್ಮೇಶ್ವರಕ್ಕೆ ಹೋದೆ. ಜಿನ್ನಿನ ಕಡೆ ಹೋಗಲೇ ಇಲ್ಲ. ಗವಿಸಿದ್ದಪ್ಪನು ಕೆಲಸ ಬಿಡಿಸಿ ಕಳಿಸಿದವರು ಯಾರಿದ್ದಾರೆಂದು ವಿಚಾರಿಸಿದೆ. ಅಲ್ಲಿ ಮೊದಲು ಮೇಸ್ತ್ರಿಯಾಗಿದ್ದ ರಹಮಾನಸಾಬ ಎಂದರು. ಅವನು ಈಗ ಊರ ಹೊರಗಿನ ಇಟ್ಟಂಗಿ ಭಟ್ಟಿಯಲ್ಲಿದ್ದ. ಮಧ್ಯಾಹ್ನ ಬುತ್ತಿ ತಂದಿದ್ದ ಅವನ ಹೆಂಡತಿ ಶಮಶಾದಬಿಯೂ ಅಲ್ಲಿಯೇ ಬೇವಿನ ನೆರಳಿಗೆ ಕೂತಿದ್ದಳು.

ಗವಿಸಿದ್ದಪ್ಪನ ಹೆಸರು ಎತ್ತಿದ್ದೇ ತಡ, ರಹಮಾನಸಾಬ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

“ಅಂವನ ಹೆಸರ ತಗೀಬ್ಯಾಡ್ರಿ ನನ್ನ ಮುಂದ! ಸಣ್ಣಾವರಿದ್ದಾಗಿಂದ ಕೂಡಿ ಆಡಿದಾವ್ರು ನಾವು. ಒಂದ ಬೀಡಿ ರಾಯರ, ಒಂದ! ಹತ್ತಿ ಅರಳಿ ಗುಂಪಿ ಬಾಜೂಕ ನಿಂತು ಹಚ್ಚಿದ್ನಿ. ಅಂವಗ ದೋಸ್ತನ ಮಾರಿ ಕಾಣಲಿಲ್ಲ, ಬೀಡಿ ಕಾಣ್ತು. ‘ರಹಮಾನ, ನಾಳಿಂದ ಬರಬ್ಯಾಡ’ ಅಂದಬಿಟ್ಟ. ಇದೇನ್ರಿ ದೋಸ್ತಿ?”

“ಮೊದಲ ಎಂದೂ ಹೇಳಿದ್ದಿಲ್ಲೇನು ಅಂವಾ?” ಎಂದೆ.

“ಹೇಳಿದ್ದ. ಎರಡ ಸಲ ಹೇಳಿದ್ದ. ಹೇಳಿದ್ರೇನಾತು? ಮಂದಿಗೆ ಹೇಳಿಧಂಗ ನನಗೂ ಹೇಳೂದೇನು?”

ಶಮಶಾದಬಿ ಸೆರಗು ಸರಿಮಾಡಿಕೊಂಡು ನಡುವೆ ಬಾಯಿ ಹಾಕಿದಳು. “ಹೇಳೂದಾದ್ರ ಪೂರಾ ಹೇಳ್ರಿ ರಾಯರಿಗೆ. ತಗದ ದಿನಾ ಸಂಜೀಕ ಅಂವಾ ನಮ್ಮ ಮನಿಗೆ ಬಂದಿದ್ದ. ‘ಭಾಬಿ, ನಿಮ್ಮ ಗಂಡನ್ನ ನಾ ಕೆಲಸಾ ಬಿಡಿಸೇನಿ. ಯಾಕ ಬಿಡಿಸಿದೆ ಅನ್ನೂದು ಮಂದಿ ಬಾಯಿಂದ ಕೇಳಬ್ಯಾಡ್ರಿ, ನನ್ನ ಬಾಯಿಂದ ಕೇಳ್ರಿ’ ಅಂದ. ಮರುದಿನಾ ತಾನ ಕರಕೊಂಡ ಬಂದು ಈ ಭಟ್ಯಾಗ ಹಚ್ಚಿದ. ‘ಇಲ್ಲೆ ಎಷ್ಟ ಸೇದತಿ ಸೇದಲೇ, ಇಟ್ಟಂಗಿಗೆ ಬೆಂಕಿ ಹತ್ತೂದಿಲ್ಲ’ ಅಂದು ಹ್ವಾದ.”

“ಅದ ನೋಡ್ರಿ ನನ್ನ ಸಿಟ್ಟು!” ರಹಮಾನಸಾಬ ತೊಡೆ ತಟ್ಟಿಕೊಂಡ. “ಉಪಕಾರಾ ಬ್ಯಾರೆ ಮಾಡಿಟ್ಟ ಹ್ವಾದ. ಹೊಟ್ಟಿ ತುಂಬ ಬೈಯಾಕೂ ಬರವಲ್ತು.”

ನನಗೆ ಇಷ್ಟು ಸಾಕಾಗಿತ್ತು. ಎದ್ದು ನೇರ ಜಿನ್ನಿಗೆ ಹೋದೆ. ಗವಿಸಿದ್ದಪ್ಪ ನಲವತ್ತರ ಆಚೀಚಿನ ಕುಳ್ಳ ಮನುಷ್ಯ, ಮಾತು ಕಡಿಮೆ. ನಾನು ಬಂದ ಕೆಲಸ ಹೇಳಿದಾಗ ಹಿಗ್ಗಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ಕರಾರು ಮುಂದಿಟ್ಟ.

“ರಾಯರ, ಕೆಲಸದಾಗ ಯಾರನ್ನ ತಗೋಬೇಕು, ಯಾರನ್ನ ಬಿಡಬೇಕು ಅನ್ನೂದು ನನ್ನ ಕೈಯಾಗ ಇರಬೇಕ್ರಿ. ನಾ ತಪ್ಪಿದ್ರ ಪಂಚರು ನನ್ನ ತಗೀಲಿ, ನಾ ಕೇಳೂದಿಲ್ಲ. ಆದ್ರ ನನ್ನ ಕೈಕೆಳಗ ಅವರವರ ಮಂದೀನ ತುಂಬಬಾರದು. ಇದಕ್ಕ ನೀವು ಹೂಂ ಅಂದ್ರ ಬರತೇನಿ.”

“ಹೂಂ,” ಎಂದೆ. “ಯಾರ ಮಂದಿನೂ ಬರೂದಿಲ್ಲ. ಇದು ನನ್ನ ಮಾತು.”

ಪಂಚರ ಮುಂದೆ ಅವನನ್ನು ನಿಲ್ಲಿಸಿದ ದಿನವೇ ನನಗೆ ವಾಸನೆ ಬಡಿಯಬೇಕಿತ್ತು. ಒಬ್ಬರು ‘ಯಾವ ಊರಾಂವ?’ ಎಂದರು. ಇನ್ನೊಬ್ಬರು ‘ಯಾರ ಪೈಕಿ?’ ಎಂದರು. ನೂಲು ಹೇಗೆ ಇಳಿಸುತ್ತೀ, ಹೇಗೆ ಹಂಚುತ್ತೀ ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ. ಕೊನೆಗೆ ಹೊಳೆಯಪ್ಪ ಸಾವಕಾರರು ಮೀಸೆ ತಿರುವುತ್ತ, “ಮಗ್ಗದ ಕೆಲಸಾ ಗೊತ್ತೈತೇನಪಾ?” ಎಂದರು.

“ಇಲ್ರಿ,” ಎಂದ ಗವಿಸಿದ್ದಪ್ಪ. “ಮಗ್ಗದ ಕೆಲಸಾ ನೇಕಾರರಿಗೆ ಗೊತ್ತೈತಿ. ನಾ ಬರೂದು ಅವರಿಗೆ ನೂಲು ಮುಟ್ಟಸಾಕ.”

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಚಾರ ಮಾಡಿ ನೇಕಾರರ ಸಭೆಯಲ್ಲಿ ಹೆಸರು ಹೇಳುತ್ತೇವೆ ಎಂದು ಅವನನ್ನು ಕಳಿಸಿಬಿಟ್ಟರು.

ಸಭೆಯ ಹಿಂದಿನ ದಿನ ಸಂಜೆ ಹೊಳೆಯಪ್ಪ ಸಾವಕಾರರು ನಮ್ಮ ಮನೆಗೇ ಬಂದರು. ಹಿಂದೆ ಬಾಳೆಹಣ್ಣಿನ ಗೊನೆ ಹೊತ್ತ ಆಳು. ಎಂದೂ ನಮ್ಮ ಹೊಸ್ತಿಲು ತುಳಿಯದ ಮನುಷ್ಯ ಕಮಲಾಬಾಯಿಯನ್ನು ‘ಅವ್ವಾರ’ ಎಂದು ಕರೆದು ನೀರು ಕೇಳಿದರು. ಇಷ್ಟು ನಯ ಕಂಡಾಗಲೇ ನನಗೆ ಹೆದರಿಕೆಯಾಯಿತು.

“ರಾಯರ, ಛಲೋ ಹುಡುಕೀರಿ, ತಪ್ಪಿಲ್ಲ. ಆದ್ರ ನಮ್ಮ ಅಕ್ಕನ ಮಗ ಯಂಕಪ್ಪ ಅದಾನ. ಮನ್ಯಾಗ ಕುಂತಾನ. ಅಕ್ಕನ ಕಣ್ಣೀರು ನೋಡಾಕ ಆಗವಲ್ದು. ಅಂವನ್ನ ಇಡೂಣು ಅಂತ ಪಂಚರೆಲ್ಲಾ ಕೂಡಿ ಮಾತಾಡೇವಿ. ನೀವು ಇಷ್ಟ ಮಾಡ್ರಿ. ನೀವು ಹುಡುಕಿ ತಂದದ್ದು ಯಂಕಪ್ಪನ್ನ ಅಂತ ನಾ ಸಭಾದಾಗ ಹೇಳತೇನಿ. ನೀವು ಸುಮ್ನ ಹೂಂ ಅಂತ ತಲಿ ಹಾಕ್ರಿ. ಹುಡುಕೂದು ನಮ್ಮದು, ಹೆಸರಷ್ಟ ನಿಮ್ಮದು.”

ನಾನು ಬಿಸಿಲಲ್ಲಿ ಲಕ್ಷ್ಮೇಶ್ವರಕ್ಕೆ ಅಲೆದು, ಭಟ್ಟಿಯ ಹೊಗೆ ಕುಡಿದು ತಂದ ಮನುಷ್ಯ ಬೇಡ. ನನ್ನ ಹೆಸರು ಮಾತ್ರ ಬೇಕು! ನೇಕಾರರು ನನ್ನನ್ನು ನಂಬುತ್ತಾರೆಂದೇ ಅವರಿಗೆ ಮೋಸ ಮಾಡಲು ನಾನು ಬೇಕು! ಕಳ್ಳ ಮಾಲಿಗೆ ಬಿಳಿ ಬಟ್ಟೆ ಹೊದಿಸುವ ಅಂಗಡಿ ನನ್ನದು ಎಂದು ತಿಳಿದಿದ್ದಾರೆಯೇ ಇವರು?

ನಾನು ಬೆಲೆ ಏರಿಸುತ್ತಿದ್ದೇನೆಂದು ಸಾವಕಾರರು ತಿಳಿದರು. ದನಿ ತಗ್ಗಿಸಿದರು. “ಸಂಘದಾಗ ಒಬ್ಬ ಕಾರಕೂನನ ಜಾಗಾ ಖಾಲಿ ಐತಿ. ನಿಮ್ಮ ರಾಘವೇಂದ್ರ ಇನ್ನೆಷ್ಟ ದಿನಾ ಖಾಲಿ ಕುಂದ್ರತಾನ? ನಾಡದ ಮುಂಜಾನಿ ಬಂದು ಕುರ್ಚಿ ಮ್ಯಾಲೆ ಕುಂಡರ್ಲಿ.”

ಇದು ನೋಡಿ ಅವರ ಬಾಣ. ನನ್ನ ಮಗ ಮ್ಯಾಟ್ರಿಕ್ ಪಾಸಾದವನು. ಸಂಸ್ಥಾನ ಉಳಿದಿದ್ದರೆ ನನ್ನ ಹಿಂದೆಯೇ ಕಚೇರಿಗೆ ಸೇರುತ್ತಿದ್ದ. ಈಗ ಮುಂಜಾನೆ ಪೇಪರು ಓದುವುದು, ಸಂಜೆ ಏಕೀಕರಣದ ಸಭೆಗೆ ಹೋಗಿ ಜಯಕಾರ ಕೂಗುವುದು. ಕೇಳಿದರೆ, ‘ಕರ್ನಾಟಕ ಒಂದಾಗ್ಲಿ ಅಪ್ಪಾ, ಆಮ್ಯಾಲೆ ಕೆಲಸಕ್ಕೇನು ಕಡಿಮಿ’ ಎನ್ನುತ್ತಿದ್ದ. ಕರ್ನಾಟಕ ಯಾವಾಗ ಒಂದಾಗುತ್ತದೋ, ಅಲ್ಲಿಯವರೆಗೆ ಒಬ್ಬ ಪ್ರಾಯದ ಮಗ ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುವುದನ್ನು ನೋಡುವ ಸಂಕಟ ಹೆತ್ತವರಿಗೇ ಗೊತ್ತು.

ಸಾವಕಾರರು ಹೋದ ಮೇಲೆ ಕಮಲಾಬಾಯಿ ಬಾಗಿಲ ಮರೆಯಿಂದ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಏನ್ ಮಾಡ್ತೀರಿ?” ಎಂದಳು.

“ಏನ್ ಮಾಡೂದು? ಆ ಹಣ್ಣು ಹೊರಗ ಆಕಳಿಗೆ ಹಾಕು.”

“ಹಣ್ಣಿನ ಮಾತಲ್ರಿ. ನಿಮಗೇನು, ಊರ ತುಂಬ ಹೆಸರು. ಆ ಹೆಸರಿನಾಗ ನಮ್ಮ ರಾಘೂನ ಪಾಲು ಎಷ್ಟದ? ಮಂದಿ ಮಕ್ಕಳಿಗೆಲ್ಲಾ ಕುರ್ಚಿ ಕೊಡಿಸ್ತೀರಿ, ನಿಮ್ಮ ಮಗ ನೆಲದ ಮ್ಯಾಲೆ ಕೂತಾನ.” ಅವಳ ಕಣ್ಣು ತುಂಬಿ ಬಂತು. ನಾನೇ ಎದ್ದು ಗೊನೆಯನ್ನು ಆಕಳಿನ ಮುಂದೆ ಇಟ್ಟು ಬಂದೆ.

ಮರುದಿನ ಸಂಘದ ಅಂಗಳ ತುಂಬಿತ್ತು. ಮಗ್ಗ ಬಿಟ್ಟು ಬಂದವರು ಯಾರೂ ಇರಲಿಲ್ಲ, ಏಕೆಂದರೆ ಮಗ್ಗಗಳೇ ನಡೆಯುತ್ತಿರಲಿಲ್ಲ. ಶಂಕ್ರೆವ್ವ ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದಳು. ಬಾಗಿಲ ಹತ್ತಿರ ಗವಿಸಿದ್ದಪ್ಪ ಒಂದು ಕಡೆ ನಿಂತಿದ್ದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ರಾಘವೇಂದ್ರನೂ ಬಂದು ಗೋಡೆಗೆ ಒರಗಿ ನಿಂತಿದ್ದ. ತಾಯಿಯೇ ಕಳಿಸಿರಬೇಕು.

ಹೊಳೆಯಪ್ಪ ಸಾವಕಾರರು ಎದ್ದು, ಸ್ವಾತಂತ್ರ್ಯದಿಂದ ಶುರುಮಾಡಿ ಸಹಕಾರದವರೆಗೆ ಭಾಷಣ ಮಾಡಿದರು. ಕೊನೆಗೆ, “ನಿಮ್ಮ ಮಾತಿನಂಗ ಮಾರ್ತಾಂಡರಾಯರಿಗೆ ಹೇಳಿದ್ವಿ. ಅವರು ಊರೂರು ತಿರಗಿ ಒಬ್ಬ ಲಾಯಕ ಮನಶ್ಯಾನ್ನ ಹುಡುಕ್ಯಾರ. ಅಂವಾ ಬ್ಯಾರೆ ಯಾರೂ ಅಲ್ಲ, ನಮ್ಮ ಯಂಕಪ್ಪ,” ಎಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಯಂಕಪ್ಪ ಎದ್ದು ಕೈಮುಗಿದ.

ಶಂಕ್ರೆವ್ವ ಸಾವಕಾರರ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ ಕೇಳಿದಳು: “ಖರೇನ ರಾಯರ? ಇಂವನ್ನ ನೀವ ತಂದೀರೇನು? ನೀವು ಹೂಂ ಅಂದ್ರ ನಾವು ಮುಂದ ಮಾತಾಡೂದಿಲ್ಲ.”

ಒಂದು ‘ಹೂಂ’. ನನ್ನ ಮಗನ ಕುರ್ಚಿ ಆ ಒಂದು ‘ಹೂಂ’ ಮೇಲೆ ನಿಂತಿತ್ತು. ಗೋಡೆಯ ಹತ್ತಿರ ರಾಘವೇಂದ್ರ ತಲೆ ತಗ್ಗಿಸಿದ. ಅವನಿಗೂ ಎಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು. ನನಗೆ ಮೊದಲು ಅಳು ಬಂದಂತಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ನನ್ನ ಮನೆಯ ಸಂಕಟವನ್ನು ಇಂಥ ಅಂಗಳಕ್ಕೆ ಎಳೆದು ತಂದು ವ್ಯಾಪಾರಕ್ಕೆ ಇಟ್ಟರಲ್ಲ!

ಎದ್ದು ನಿಂತೆ. ಸಾವಕಾರರಿಗಲ್ಲ, ಯಂಕಪ್ಪನಿಗೆ ಕೇಳಿದೆ.

“ಯಂಕಪ್ಪ, ನೀನು ಎಂದಾದ್ರೂ ಯಾರನ್ನರ ಕೆಲಸದಿಂದ ತಗದೀಯೇನು?”

“ಇಲ್ರಿ.”

“ಯಾರನ್ನರ ಕೆಲಸಕ್ಕ ಇಟಗೊಂಡೀಯೇನು?”

“ಇಲ್ರಿ. ಮಾಮಾನ ನನ್ನ ಇಟಗೋತೇನಿ ಅಂದಾನ್ರಿ,” ಎಂದ. ಪಾಪ, ಹುಡುಗನಲ್ಲಿ ಕಪಟವಿರಲಿಲ್ಲ. ಅಂಗಳವೆಲ್ಲ ಹೋ ಎಂದು ನಕ್ಕಿತು.

“ಕೇಳ್ರಿ ಎಲ್ಲಾರೂ,” ಎಂದೆ. ಸಿಟ್ಟಿಗೆ ನನ್ನ ದನಿ ಸೀಳುತ್ತಿತ್ತು. “ಈ ಹುಡುಗನ್ನ ನಾ ತಂದಿಲ್ಲ. ಇವನ ಮಾರಿನ ನಾ ಇವತ್ತ ನೋಡ್ಲಿಕ್ಕೆ ಹತ್ತೀನಿ. ನಾ ತಂದಾಂವ ಬಾಗಲದಾಗ ನಿಂತಾನ ನೋಡ್ರಿ, ಅಡರಕಟ್ಟಿ ಗವಿಸಿದ್ದಪ್ಪ. ಅಂವಾ ಯಾರ ಪೈಕಿನೂ ಅಲ್ಲ. ಅದ ಅಂವನ ತಪ್ಪು!”

ಸಾವಕಾರರು ನನ್ನ ಧೋತರದ ಚುಂಗು ಜಗ್ಗಿ, “ರಾಯರ, ಕಾರಕೂನನ ಜಾಗಾ ಮರತ್ರೇನು?” ಎಂದು ಪಿಸುಗುಟ್ಟಿದರು.

“ಮರತಿಲ್ಲ. ಅದನ್ನೂ ಎಲ್ಲಾರಿಗೂ ಹೇಳ್ತೀನಿ,” ಎಂದೆ. ಹೇಳಿಯೂ ಬಿಟ್ಟೆ. ಹಣ್ಣಿನ ಗೊನೆಯಿಂದ ಹಿಡಿದು ಕುರ್ಚಿಯವರೆಗೆ ಒಂದೂ ಬಿಡಲಿಲ್ಲ. ಗಲಾಟೆ ಎಷ್ಟಾಯಿತೆಂದರೆ ಪಂಚರಲ್ಲಿ ಇಬ್ಬರು ಹಿತ್ತಲ ಬಾಗಿಲಿನಿಂದ ಹೋದರು. ಉಳಿದ ಪಂಚರು ನೇಕಾರರು ಹೇಳಿದ ಹಾಗೆ ಗವಿಸಿದ್ದಪ್ಪನ ಹೆಸರಿಗೆ ಕೈ ಎತ್ತಿದರು. ಹೊಳೆಯಪ್ಪ ಸಾವಕಾರರೂ ಎತ್ತಿದರು. ಎತ್ತದಿದ್ದರೆ ಚೇರಮನ್‌ಗಿರಿ ಅಂದೇ ಹೋಗುತ್ತಿತ್ತು.

ಗವಿಸಿದ್ದಪ್ಪ ಬಂದ ಮೇಲೆ ಏನಾಯಿತು ಎಂದು ನಾನು ಹೇಳಬೇಕಾಗಿಲ್ಲ, ಬೆಟಗೇರಿಯ ಓಣಿಗಳು ಹೇಳುತ್ತಿದ್ದವು. ನೂಲು ಬರುವ ದಿನ ಅವನು ತಾನೇ ಸ್ಟೇಷನ್ನಿಗೆ ಹೋಗಿ, ನೂಲಿನ ಬಂಡಿಯ ಮೇಲೆಯೇ ಕೂತು ಬರುತ್ತಿದ್ದ. ಹಂಚುವ ದಿನ ಬಾಗಿಲು ತೆರೆದಿಟ್ಟು ಎಲ್ಲರ ಕಣ್ಣೆದುರು ಹಂಚುತ್ತಿದ್ದ. ದೀಪಾವಳಿಯ ಹೊತ್ತಿಗೆ ಶಂಕ್ರೆವ್ವನ ಮಕ್ಕಳು ಬಿಂಕದಕಟ್ಟಿಯ ಕೂಲಿ ಬಿಟ್ಟು ಮತ್ತೆ ಮಗ್ಗಕ್ಕೆ ಕೂತಿದ್ದರು. ಅವಳ ಓಣಿಯಲ್ಲಿ ಹೋಗುವಾಗ ಲಾಳಿಯ ಸದ್ದು ಕೇಳಿ ನನ್ನ ಎದೆ ಉಬ್ಬುತ್ತಿತ್ತು. ಇಷ್ಟೇ ನೋಡಿ, ಬೀಗತನ ಬಿಟ್ಟು ಹುಡುಕಿ ತಂದರೆ ಆಗುವುದು ಇಷ್ಟು.

ಕಾರಕೂನನ ಜಾಗ ಮಾತ್ರ ಇನ್ನೂ ಖಾಲಿಯಿತ್ತು.

“ಈಗರ ಕೇಳ್ರಿ,” ಎಂದಳು ಕಮಲಾಬಾಯಿ. “ಈಗ ಕೂತಾಂವ ನಿಮ್ಮ ಮನಷ್ಯಾ.”

ಕೇಳುವುದರಲ್ಲಿ ಏನು ತಪ್ಪು? ನಾನೇನು ಹೊಳೆಯಪ್ಪನೇ? ಮೋಸದಿಂದ ಕೇಳುತ್ತಿದ್ದೇನೆಯೇ? ನನ್ನ ಮಗ ಓದಿದವನು, ಅಕ್ಷರ ಮುತ್ತಿನಂತೆ ಬರೆಯುತ್ತಾನೆ, ಜಾಗ ಖಾಲಿ ಇದೆ. ಇದು ಬೇರೆ, ಅದು ಬೇರೆ. ಹೀಗೆಂದುಕೊಂಡೇ ಹೋದೆ. ಗವಿಸಿದ್ದಪ್ಪ ಎದ್ದು ನಿಂತು ಕುರ್ಚಿ ಕೊಟ್ಟ, ಚಹ ತರಿಸಿದ. ನಾನು ಮಗನ ಮಾತು ತೆಗೆದೆ. ಅವನು ಮುಂದಿದ್ದ ದಫ್ತರ ಮುಚ್ಚಿ ಪಕ್ಕಕ್ಕಿಟ್ಟ.

“ರಾಯರ, ನಿಮ್ಮ ಮಗಾ ತಾನ ಬಂದಿದ್ರ ಅಂವನ್ನ ಕುಂಡ್ರಿಸಿ ಕೇಳತಿದ್ನಿ, ನೋಡತಿದ್ನಿ. ಅಂವಾ ಬರಲಿಲ್ಲ, ನೀವು ಬಂದೀರಿ. ನಾಳೆ ಶಂಕ್ರೆವ್ವ ಬಂದು ‘ಈ ಹುಡುಗ ಯಾರ ಪೈಕಿ?’ ಅಂತ ಕೇಳಿದ್ರ ನಾ ಏನ ಹೇಳ್ಲಿ? ಆಗವಲ್ತ್ರಿ. ಸಿಟ್ಟಾಗಬ್ಯಾಡ್ರಿ.”

ಸಿಟ್ಟಾಗಬೇಡವಂತೆ! ನಾನು ಚಹದ ಕಪ್ಪು ಬಿಟ್ಟು ಎದ್ದುಬಂದೆ. ಯಾರು ತಂದು ಕೂರಿಸಿದರು ಅವನನ್ನು ಆ ಕುರ್ಚಿಯಲ್ಲಿ? ಯಾರು ಊರ ಮುಂದೆ ಗಂಟಲು ಹರಿದುಕೊಂಡರು ಅವನಿಗಾಗಿ? ಮಗನ ಅನ್ನವನ್ನು ಅವನಿಗಾಗಿ ಒದ್ದವನು ನಾನು. ಏರಿದ ಮೇಲೆ ಏಣಿ ಒದೆಯುವುದೆಂದರೆ ಇದೇ ಅಲ್ಲವೇ? ದಾರಿಯುದ್ದಕ್ಕೂ ಬೈಯುತ್ತ ಬಂದೆ, ಮನೆಗೆ ಬಂದೂ ಬೈದೆ, ಎಲೆಯ ಮುಂದೆ ಕೂತೂ ಬೈದೆ. ಕಮಲಾಬಾಯಿ ಪೂರ್ತಿ ಕೇಳಿಸಿಕೊಂಡಳು. ನನ್ನ ಎಲೆಗೆ ಅನ್ನ ಬಡಿಸುತ್ತ, “ಇಷ್ಟ ಛಲೋ ಮನಷ್ಯಾನ್ನ ತರಬಾರದಾಗಿತ್ತು ನೀವು,” ಎಂದಳು.

ಊರಲ್ಲಿ ಸುದ್ದಿಗೆ ಕಾಲು ಬೇಕೇ? ಎರಡು ದಿನದಲ್ಲಿ ಹೊಳೆಯಪ್ಪ ಸಾವಕಾರರು ಮತ್ತೆ ನಮ್ಮ ಬಾಗಿಲಿಗೆ ಬಂದರು. ಮುಖದಲ್ಲಿ ಮರುಕ, ಮೀಸೆಯಡಿಯಲ್ಲಿ ನಗು.

“ಕೇಳಿದೆ ರಾಯರ. ಭಾಳ ಕೆಟ್ಟನಿಸ್ತು. ಅಂವಾ ಹೆಂಥಾವ ಅನ್ನೂದು ನಿಮಗೂ ಈಗ ತಿಳಿದಂಗಾತು. ನಿಮ್ಮ ಬಾಯಿಂದ ಒಂದ ಮಾತ ಬಂದ್ರ ಸಾಕು. ‘ಅಂವಾ ಬರೋಬ್ಬರಿ ಇಲ್ಲ, ನಾ ತಪ್ಪಿ ತಂದೆ’ ಅಂತ ನೇಕಾರರ ಮುಂದ ಹೇಳಿಬಿಡ್ರಿ. ಮುಂದಿಂದು ನನಗ ಬಿಡ್ರಿ. ರಾಘವೇಂದ್ರನ ಜಾಗಾ ಹಂಗ ಐತಿ.”

ಕಮಲಾಬಾಯಿ ಬಾಗಿಲಿಗೆ ಬಂದು ನಿಂತಳು. ಒಳಗೆ ರಾಘವೇಂದ್ರ ಪೇಪರು ಮಡಚಿಟ್ಟ ಸಪ್ಪಳ ಕೇಳಿಸಿತು.

“ಕೂಡ್ರಿ ಸಾವಕಾರ್ರ,” ಎಂದೆ. “ಅಂವಾ ಹೆಂಥಾವ ಅಂತ ನಾ ಹೇಳ್ತೀನಿ. ಅಂವಾ ಉಪಕಾರ ತಿಳೀದಾಂವ. ಸೊಕ್ಕಿನಾಂವ. ನನ್ನಂಥಾ ಹಿರಿಯಾ ಬಾಯಿ ಬಿಟ್ಟು ಕೇಳಿದ್ರ ಮಾರಿ ಮ್ಯಾಲೆ ಇಲ್ಲ ಅಂದಾಂವ.”

“ಹೌದ್ಹೌದು,” ಎಂದು ಸಾವಕಾರರು ಮುಂದೆ ಸರಿದು ಕೂತರು.

“ನನ್ನ ಮಗನ್ನ ಬ್ಯಾಡ ಅಂದ. ನಿಮ್ಮ ಅಕ್ಕನ ಮಗನ್ನೂ ಬ್ಯಾಡ ಅಂತಾನ. ನಾಳೆ ಮುಂಬಯಿ ಮಂತ್ರಿ ತನ್ನ ಮಗನ್ನ ಕರಕೊಂಡು ಬಂದ್ರೂ ಬ್ಯಾಡ ಅಂತಾನ. ಅಂಥಾವ ಆ ಕುರ್ಚಿ ಮ್ಯಾಲೆ ಇರೋತನಕ ನಿಮಗೂ ಸುಖ ಇಲ್ಲ, ನನಗೂ ಸುಖ ಇಲ್ಲ. ಮಗ್ಗದ ಮಂದಿಗೆ ಮಾತ್ರ ಸುಖ ಅದ. ಅಂವನ ಮ್ಯಾಲೆ ನನಗ ಎಷ್ಟು ಸಿಟ್ಟದ ಅನ್ನೂದು ನನ್ನ ಮನೀ ಮಾತು. ಅಂವನ್ನ ತಪ್ಪಿ ತಂದೆ ಅಂತ ಮಾತ್ರ ನಾ ಸಾಯೋತನಕ ಹೇಳೂದಿಲ್ಲ. ಏಳ್ರಿ ಮ್ಯಾಲೆ!”

ಸಾವಕಾರರು ಎದ್ದರು. ಚಪ್ಪಲಿ ಮೆಟ್ಟುತ್ತ, “ನಿಮ್ಮಂಥಾವರ ಮನ್ಯಾಗ ಮಕ್ಕಳು ಹುಟ್ಟಬಾರದು ರಾಯರ,” ಎಂದು ಹೇಳಿ ಹೋದರು. ಕಮಲಾಬಾಯಿ ಒಳಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ರಾಘವೇಂದ್ರ ಹೊರಗೆ ಬಂದ. ನನ್ನ ಹಳೆಯ ಕಚೇರಿ ಕೋಟು ತೊಟ್ಟಿದ್ದ, ಕೈಯಲ್ಲೊಂದು ಚೀಲವಿತ್ತು.

“ಎಲ್ಲಿಗೆ?” ಎಂದೆ.

“ಹುಬ್ಬಳ್ಳಿಗೆ. ಕೆಲಸ ಕೇಳ್ಲಿಕ್ಕೆ.”

“ಹುಬ್ಬಳ್ಳ್ಯಾಗ ನಮ್ಮವರು ಯಾರಿದ್ದಾರ? ಯಾರ ಕಡೆ ಹೋಗಿ ಕೇಳ್ತಿ?”

“ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲದಲ್ಲೆ ಕೇಳ್ತೀನಿ ಅಪ್ಪಾ,” ಎಂದ.

ಆ ಮಾತಿಗೂ ನನಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ, ಆದರೆ ಏನೆಂದು ಬೈಯಬೇಕೋ ತಿಳಿಯಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.